ಹಳೇ ಮಂಗಳೂರು ಹಂಚು: ರೀಪು ಹೊಡೆಯುವ ಮೊದಲು

ಮನೆ ಕೆಡವಿದಾಗ ಉಳಿದ ಹಂಚನ್ನು ಹೊಸ ಕೊಟ್ಟಿಗೆಗೆ ಹಾಕಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಹಾಕಿ. ಮೊದಲು ಹಂಚಿನ ಮೇಲಿನ ಅಚ್ಚು ನೋಡಿ ಕಾರ್ಖಾನೆವಾರು ಬೇರ್ಪಡಿಸಿ. ಬೇರೆ ಬೇರೆ ಕಾರ್ಖಾನೆಯವು ಒಂದಕ್ಕೊಂದು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಸೋರುವುದು ಅಲ್ಲೇ. ತಟ್ಟಿದಾಗ ಠಣ್ ಎಂದರೆ ಸರಿ, ಮೊದ್ದು ಸದ್ದು ಬಂದರೆ ಬಿರುಕಿದೆ. ಪಾಚಿಯನ್ನು ನಾರಿನ ಬ್ರಷ್‌ನಿಂದ ತಿಕ್ಕಿ, ಆ್ಯಸಿಡ್ ಬೇಡ.

ಹಳೇ ಮಾಡಿನ ಅಳತೆ ನಂಬಿ ರೀಪು (ಹಂಚು ಕೂರಿಸುವ ಮರದ ಅಡ್ಡಪಟ್ಟಿ) ಹೊಡೆಯಬೇಡಿ. 11 ಹಂಚು ಮಗುಚಿ, ಉದ್ದಕ್ಕೆ ಒಂದರ ಹಿಂದೊಂದು ಕಚ್ಚಿಸಿ ಸಾಲಾಗಿಡಿ. ಮೊದಲನೆಯದರ ಅಂಚಿನಿಂದ 11ನೆಯದರ ಅದೇ ಅಂಚಿಗೆ ಎರಡು ಸಲ ಅಳೆಯಿರಿ: ಒಮ್ಮೆ ಒತ್ತಿ, ಒಮ್ಮೆ ಎಳೆದು. ಸರಾಸರಿಯನ್ನು 10ರಿಂದ ಭಾಗಿಸಿದರೆ ಅದೇ ರೀಪಿನ ಅಂತರ. ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಸಾಲದಿದ್ದರೆ ಬೇರೆ ಅಚ್ಚಿನದನ್ನು ನಡುವೆ ತುರುಕದೆ ಇನ್ನೊಂದು ಇಳಿಜಾರಿಗೆ ಪೂರ್ತಿ ಹಾಕಿ.