ಮಿತಿ ಇಳಿಸಿದ್ದರೆ ಸಾಲುತ್ತಿರಲಿಲ್ಲವೇ, ಪೂರ್ತಿ ಬಂದ್ ಏಕೆ?

ಪ್ರಶ್ನೆ: ನಾನು ಕುಮಟಾ ಕಡೆಯವನು, ಬಹಳ ವರ್ಷಗಳಿಂದ ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿದ್ದೇನೆ. ರಜೆಯಲ್ಲಿ ಗೆಳೆಯರ ಜೊತೆ ಇಲ್ಲಿನ ಕೋರಮಂಡೆಲ್ ಕರಾವಳಿಗೆ ಹೋಗಿ, ಮುಳುಗಿ ಸ್ಕ್ಯಾಲಪ್ (ತಿನ್ನುವ ಒಂದು ಬಗೆಯ ಕಡಲ ಚಿಪ್ಪುಜೀವಿ) ತರುತ್ತಿದ್ದೆವು. ದಿನಕ್ಕೆ ತಲೆಗೆ 20 ಎಂಬ ಮಿತಿಯನ್ನು ಎಂದೂ ಮೀರಿದವರಲ್ಲ. 2022ರಿಂದ ಎಲ್ಲ ಬಂದ್. 20ನ್ನು 5ಕ್ಕೆ ಇಳಿಸಿದ್ದರೆ ಸಾಲುತ್ತಿರಲಿಲ್ಲವೇ? ಹಾಳು ಮಾಡಿದ್ದು ದೊಡ್ಡ ದೋಣಿಯವರು, ಶಿಕ್ಷೆ ನಮಗೇಕೆ? ಮತ್ತೆ ಯಾವಾಗ ತೆರೆಯಬಹುದು?

ಉತ್ತರ: ಸಾಲುತ್ತಿತ್ತು, ಹತ್ತು ವರ್ಷ ಮೊದಲೇ ಇಳಿಸಿದ್ದರೆ. 2022ರ ಹೊತ್ತಿಗೆ 5 ಕೂಡ ಹೆಚ್ಚೇ.

ನೀವು ಮುಳುಗಿದವರು, ನೋಡಿರುತ್ತೀರಿ. ಅಲ್ಲಿನ ಸ್ಕ್ಯಾಲಪ್‌ನ ಒಂದು ಚಿಪ್ಪು ಬಟ್ಟಲಿನಂತೆ ಕುಳಿ, ಇನ್ನೊಂದು ಚಪ್ಪಟೆ. ಕುಳಿ ಚಿಪ್ಪನ್ನು ಮರಳಿಗೆ ಇಳಿಸಿ, ಚಪ್ಪಟೆಯದನ್ನು ಮೇಲೆ ಮಾಡಿಕೊಂಡು ಕೂತಿರುತ್ತದೆ. ಮೇಲೆ ಹೂಳಿನ ತೆಳು ಪದರ. ಅಂಚಿನ ಬಿಲ್ಲಿನಂಥ ಗೆರೆ ಹಿಡಿದೇ ಅದನ್ನು ಪತ್ತೆ ಮಾಡಬೇಕು. ಒಂದೇ ಜೀವಿಯಲ್ಲಿ ಗಂಡೂ ಇದೆ, ಹೆಣ್ಣೂ ಇದೆ. ಆದರೂ ಮರಿಯಾಗಲು ಪಕ್ಕದಲ್ಲಿ ಇನ್ನೊಂದು ಬೇಕು, ಏಕೆಂದರೆ ಮೊಟ್ಟೆ, ವೀರ್ಯ ಎರಡನ್ನೂ ನೀರಿಗೇ ಬಿಡುತ್ತದೆ. ಹತ್ತಿರದಲ್ಲಿ ಜೊತೆಯಿಲ್ಲದಿದ್ದರೆ ಎಲ್ಲ ನೀರಲ್ಲಿ ಕರಗಿಹೋಗುತ್ತದೆ. ಹಾಗಾಗಿ ಕೊಲ್ಲಿಯಲ್ಲಿ ಒಟ್ಟು ಎಷ್ಟು ಉಳಿದಿವೆ ಅನ್ನುವ ಲೆಕ್ಕ ಅರ್ಧ ಸತ್ಯ ಮಾತ್ರ. ಒಂದು ಲಕ್ಷ ಸ್ಕ್ಯಾಲಪ್ ಒತ್ತಾಗಿದ್ದರೆ ಅದು ಮೀನುಗಾರಿಕೆ. ಅದೇ ಒಂದು ಲಕ್ಷ ಚದುರಿಹೋಗಿದ್ದರೆ, ಸಂತಾನವಿಲ್ಲದೆ ಮುದಿಯಾಗುತ್ತಿರುವ ಗುಂಪು.

ಇನ್ನು ನಿಮ್ಮ 20. ಮುಳುಗುವವರು ಎಲ್ಲಿ ಇಳಿಯುತ್ತಾರೆ? ಒತ್ತಾಗಿರುವಲ್ಲೇ. ಯಾವುದನ್ನು ಆರಿಸುತ್ತಾರೆ? ಅಳತೆಪಟ್ಟಿ ಇಟ್ಟು 100 ಮಿಲಿಮೀಟರ್ ದಾಟಿದ ದೊಡ್ಡದನ್ನು. ಹೆಚ್ಚು ಮೊಟ್ಟೆ ಇಡುವುದೂ ಅದೇ. ನಿಯಮ ಮೀರದೆಯೇ ಹಾಸಿನ, ಅಂದರೆ ಸ್ಕ್ಯಾಲಪ್ ಗುಂಪಾಗಿ ಕೂತಿರುವ ತಳದ, ಒತ್ತು ಕಳೆಯಬಹುದು. ದೋಣಿಯವರ ಪಾಲು ಇದಕ್ಕಿಂತ ಬಹಳ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಅವರು ಎಳೆಯುವ ಕಬ್ಬಿಣದ ಡ್ರೆಜ್ ತಳವನ್ನೇ ಕೆರೆಯುತ್ತದೆ, ಬಲೆಗೆ ಬೀಳದ ಚಿಪ್ಪುಗಳನ್ನೂ ಒಡೆಯುತ್ತದೆ. ಮರಿಗಳು ಮೊದಲು ಅಂಟಿಕೊಳ್ಳುವುದು ತಳದ ಪಾಚಿ, ನಾರಿನಂಥ ಜೀವಿಗಳಿಗೆ. ಅವನ್ನೂ ಕಿತ್ತುಹಾಕುತ್ತದೆ.

ಮಿತಿ ಎಂಬುದು ಹೇಗೆ ಕಾಗದದ ಮೇಲೇ ಉಳಿಯುತ್ತದೆ ಎನ್ನುವುದಕ್ಕೆ ಅದೇ ದೇಶದ ನೆಲ್ಸನ್ ಕಡೆಯ ಕೊಲ್ಲಿಗಳನ್ನು ನೋಡಿ. 2002ರಲ್ಲಿ ಅಲ್ಲಿ ವಾಣಿಜ್ಯ ಮಿತಿ ವರ್ಷಕ್ಕೆ 747 ಟನ್, ಚಿಪ್ಪು ಬಿಟ್ಟು ಮಾಂಸದ ತೂಕದಲ್ಲಿ. ಹಿಡಿಯುವ ಪ್ರಮಾಣ ಕುಸಿಯುತ್ತಲೇ ಹೋಗಿ, 2010ರ ನಂತರ ನೂರು ಟನ್ ಕೂಡ ಮುಟ್ಟಲಿಲ್ಲ. ಮಿತಿಯನ್ನು 400ಕ್ಕೆ ಇಳಿಸಿದ್ದು 2014ರಲ್ಲಿ! ಸಿಗುವುದೇ ಐವತ್ತಕ್ಕಿಂತ ಕಡಿಮೆಯಿದ್ದಾಗ ನಾನೂರರ ಮಿತಿ ಯಾರನ್ನು ತಡೆಯುತ್ತದೆ? 2016ರಲ್ಲಿ ಒಂದು ಭಾಗ, ಮರುವರ್ಷ ಎಲ್ಲವೂ ಬಂದ್ ಆಯಿತು. ವರ್ಷಗಟ್ಟಲೆ ಮುಚ್ಚಿದ್ದರೂ ಅಲ್ಲಿನ ಟಾಸ್ಮನ್ ಮತ್ತು ಗೋಲ್ಡನ್ ಕೊಲ್ಲಿಗಳಲ್ಲಿ ಸ್ಕ್ಯಾಲಪ್ ಹೇಳಿಕೊಳ್ಳುವಷ್ಟು ಮರಳಿಲ್ಲ. ನದಿಗಳು ತರುವ ಹೂಳೇ ಕಾರಣ ಎಂದು ದೋಣಿಯವರು, ಡ್ರೆಜ್ ಕಾರಣ ಎಂದು ಉಳಿದವರು. ನನಗೆ ಇಬ್ಬರ ಮಾತೂ ಸರಿ ಅನ್ನಿಸುತ್ತದೆ. ಆದರೆ ಮಳೆಗೆ ಕೊಚ್ಚಿಬರುವ ಮಣ್ಣನ್ನು ಒಂದು ಆದೇಶದಿಂದ ನಿಲ್ಲಿಸಲಾಗದು, ದೋಣಿಯನ್ನು ನಿಲ್ಲಿಸಬಹುದು.

ಕೋರಮಂಡೆಲ್‌ನಲ್ಲಿ ಮೊದಲು ಎಚ್ಚೆತ್ತದ್ದು ಸರ್ಕಾರವಲ್ಲ, ಅಲ್ಲಿನ ಮಾವೊರಿ ಬುಡಕಟ್ಟು ಙಾತಿ ಹೇ. ಓಪಿಟೊ ಕೊಲ್ಲಿಯಲ್ಲಿ ಸ್ಕ್ಯಾಲಪ್ ತೆಗೆಯಬಾರದೆಂದು ತಮ್ಮ ಸಂಪ್ರದಾಯದ ನಿಷೇಧ, ರಾಹುಯಿ ಹಾಕಿದರು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಎರಡು ಚಿಕ್ಕ ಜಾಗ ಬಿಟ್ಟು ಉಳಿದದ್ದನ್ನು ಮುಚ್ಚಿತು. ಎಲ್ಲೆಡೆ ಮುಚ್ಚಿ ಎರಡು ಕಡೆ ತೆರೆದಿಟ್ಟರೆ ಎಲ್ಲರೂ ಅಲ್ಲಿಗೇ ಹೋಗುತ್ತಾರಲ್ಲವೇ? ಡಿಸೆಂಬರ್‌ನಲ್ಲಿ ಆ ಎರಡನ್ನೂ ಮುಚ್ಚಬೇಕಾಯಿತು.

ಮುಚ್ಚಿದರೆ ಫಲವೇ ಇಲ್ಲ ಅಂತಲ್ಲ. ಅಮೆರಿಕದ ಕರಾವಳಿಯಿಂದ ದೂರದಲ್ಲಿ, ಜಾರ್ಜಸ್ ಬ್ಯಾಂಕ್ ಎಂಬ ಆಳ ಕಡಿಮೆಯ ಕಡಲ ಭಾಗದಲ್ಲಿ 1994ರಲ್ಲಿ ಬೇರೆ ಮೀನುಗಳ ಸಲುವಾಗಿ ದೊಡ್ಡ ಪ್ರದೇಶಗಳನ್ನು ಮುಚ್ಚಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಸ್ಕ್ಯಾಲಪ್ ತುಂಬಿಕೊಂಡವು, 1999ರಲ್ಲಿ ಎಚ್ಚರಿಕೆಯಿಂದ ತೆರೆದರು. ಮುಂದೆ 2004ರಲ್ಲಿ ಸರದಿಯ ಪದ್ಧತಿ ಬಂತು: ಮರಿಗಳಿರುವ ಜಾಗ ಮುಚ್ಚು, ಬೆಳೆದ ಮೇಲೆ ತೆರೆ. ಅಲ್ಲಿ ಮುಚ್ಚುವಾಗ ಬೀಜಕ್ಕೆ ಸಾಕಷ್ಟು ಸ್ಕ್ಯಾಲಪ್ ಉಳಿದಿತ್ತು, ಕರಾವಳಿಯ ಹೂಳೂ ಅಷ್ಟು ದೂರ ಬರುವುದಿಲ್ಲ.

ಯಾವಾಗ ತೆರೆಯುತ್ತದೆ ಎಂಬುದಕ್ಕೆ ತಾರೀಖು ಕಾಯಬೇಡಿ, ಸಮೀಕ್ಷೆ ನೋಡಿ. ಮರಿ ಸ್ಕ್ಯಾಲಪ್ ಹಿಡಿಯುವ ಗಾತ್ರಕ್ಕೆ ಬೆಳೆಯಲು ಎರಡು ಮೂರು ವರ್ಷ ಬೇಕು. ಆದ್ದರಿಂದ ಒಂದು ವರ್ಷ ಚೆನ್ನಾಗಿ ಕಂಡಿತೆಂದು ತೆರೆದರೆ ಅವಸರವಾಗುತ್ತದೆ. ಹಾಸುಗಳು ಒತ್ತಾಗಿವೆಯೇ, ಬೇರೆ ಬೇರೆ ಗಾತ್ರದವು ಒಟ್ಟಿಗೆ ಇವೆಯೇ ಎಂದು ವರದಿಯಲ್ಲಿ ಹುಡುಕಿ. ತೆರೆಯುವ ಮುನ್ನ ಸರ್ಕಾರ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಆಗ ನಿಮ್ಮ 5ರ ಸಲಹೆಯನ್ನು ಬರೆದು ಕಳಿಸಿ, ಡ್ರೆಜ್ ಬಿಡದ ಒಂದಷ್ಟು ಹಾಸುಗಳನ್ನೂ ಕೇಳಿ.