‘ಸೂರರೈ ಪೋಟ್ರು’ ಎಷ್ಟು ನಿಜ?

ತಮಿಳು ಸಿನಿಮಾ ‘ಸೂರರೈ ಪೋಟ್ರು’ ಏರ್ ಡೆಕ್ಕನ್ ವಿಮಾನ ಸಂಸ್ಥೆ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಅವರ ಬದುಕೇನಾ ಅಂತ ಕೇಳಿದ್ದೀರಿ. ಬುಡ ಅವರದೇ, ಆದರೆ ರೆಂಬೆಗಳು ಸಿನಿಮಾದವರದು. ಮೊದಲನೆಯದಾಗಿ ಗೋಪಿನಾಥ್ ನಮ್ಮ ಹಾಸನ ಜಿಲ್ಲೆಯ ಗೊರೂರಿನವರು, ಸಿನಿಮಾದ ನಾಯಕನ ಹಾಗೆ ಮದುರೆ ಕಡೆಯವರಲ್ಲ. ವಾಯುಪಡೆಯಲ್ಲೂ ಇರಲಿಲ್ಲ. ಭೂಸೇನೆಯಲ್ಲಿದ್ದು 1971ರ ಯುದ್ಧ ಕಂಡವರು. ಆಮೇಲೆ ವರ್ಷಗಟ್ಟಲೆ ಬೇಸಾಯ, ರೇಷ್ಮೆ ಸಾಕಣೆ. ನನಗೆ ಇದೇ ಜಾಸ್ತಿ ಇಷ್ಟವಾದ ಭಾಗ, ಸಿನಿಮಾದಲ್ಲಿ ಸಿಗಲೇ ಇಲ್ಲ! ವಿಮಾನಕ್ಕೂ ಮುಂಚೆ, 1997ರಲ್ಲಿ ಹೆಲಿಕಾಪ್ಟರ್ ಕಂಪನಿ ಶುರು ಮಾಡಿದ್ದರು. ಏರ್ ಡೆಕ್ಕನ್ ಬಂದಿದ್ದು 2003ರಲ್ಲಿ. ಸಿನಿಮಾದಲ್ಲಿ ಬರುವ ಒಂದು ರೂಪಾಯಿ ವಿಮಾನ ಟಿಕೆಟ್ ಮಾತ್ರ ಕಟ್ಟುಕಥೆಯಲ್ಲ. ಹೆಂಡತಿಯ ಬೇಕರಿಯೂ ಅಷ್ಟೇ, ನಿಜವಾಗಿ ಇತ್ತು. ಸಿನಿಮಾದಲ್ಲಿ ಕಲ್ಪನೆ ಜಾಸ್ತಿ, ಆದರೂ ತಿರುಳು ಹಿಡಿದಿದ್ದಾರೆ ಅಂತ ಗೋಪಿನಾಥ್ ಅವರೇ ಟ್ವಿಟರಿನಲ್ಲಿ ಬರೆದಿದ್ದರು. ಪೂರ್ತಿ ಕಥೆ ಬೇಕಿದ್ದರೆ ಅವರ ಆತ್ಮಕಥೆ ಓದಿ.