ಅಲ್ಲಿ ಚಂದ, ಇಲ್ಲಿ ಕಾಟ?

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ಲಾಲ್‌ಬಾಗಿನ ಪರದೇಶದ ಮರಗಳನ್ನು ಬಾಯ್ತುಂಬ ಹೊಗಳಿದ್ದೀರಿ. ನಮ್ಮ ಗುಡ್ಡದ ಅಕೇಶಿಯಾ ಮಾತ್ರ ಬೇಡ ಅಂತೀರಿ. ಎರಡೂ ಹೊರಗಿನವೇ ಅಲ್ವಾ? ಅಂದ ಹಾಗೆ, ಮನೆ ಮುಂದೆ ಗುಲ್‌ಮೊಹರ್ ನೆಡಬಹುದೇ?
ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಹೊರಗಿನದೆಲ್ಲ ಬೇಡ ಅಂತ ಹೊರಟರೆ ಮೊದಲು ನಮ್ಮ ತೋಟವೇ ಖಾಲಿಯಾಗುತ್ತದೆ. ಅಡಿಕೆಯ ಮೂಲ ಆಗ್ನೇಯ ಏಷ್ಯಾ, ವೀಳ್ಯದೆಲೆಯದೂ ಅದೇ ಕಡೆ. ನೆಂಟರ ಮುಂದಿಡುವ ಕವಳದ ತಟ್ಟೆಯಲ್ಲೇ ಪರದೇಶ ಕೂತಿದೆ! ಗೇರು ಬ್ರೆಜಿಲ್‌ನದು. ಹಾಗಾಗಿ ಹುಟ್ಟಿದ ಊರು ನಮ್ಮ ತಕರಾರಲ್ಲ.

ಲಾಲ್‌ಬಾಗ್ 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ. ಟಿಪ್ಪು ದೂರ ದೇಶಗಳಿಂದ ಗಿಡ, ಬೀಜ ತರಿಸಿದ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ಉದ್ಯಾನ ತಜ್ಞ ಕ್ರುಂಬಿಗಲ್, ಒಂದು ಹೂ ಉದುರುವಾಗ ಇನ್ನೊಂದು ಅರಳುವ ಹಾಗೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದರು. ತೋಟ ಈಗ 240 ಎಕರೆ. ಅಲ್ಲಿ ಒಂದು ಜಾತಿಯ ಮರ ಒಂದೋ, ನಾಲ್ಕೋ. ಮೇಲೆ ಮಾಲಿಯ ಕಣ್ಣಿರುತ್ತದೆ.

ನಮ್ಮಲ್ಲಿ ಆದದ್ದೇ ಬೇರೆ. ಆಸ್ಟ್ರೇಲಿಯಾ ಕಡೆಯ ಅಕೇಶಿಯಾವನ್ನು ಸೌದೆಗೆ, ಕಾಗದದ ತಿರುಳಿಗೆ ಅಂತ ಗುಡ್ಡಕ್ಕೆ ಗುಡ್ಡವೇ ನೆಟ್ಟರು. ಅದರ ಎಲೆ ನೋಡಿದ್ದೀರಲ್ಲ? ಅದು ಎಲೆಯೇ ಅಲ್ಲ, ಅಗಲವಾದ ತೊಟ್ಟು. ದನ ಮೂಸುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಬೇಸಿಗೆಯಲ್ಲಿ ಆ ದರಕಿಗೆ, ಅಂದರೆ ಉದುರಿದ ಒಣ ಎಲೆಗೆ, ಬೆಂಕಿ ಹತ್ತಲು ಒಂದು ಬೀಡಿ ಕಿಡಿ ಸಾಕು. ಮತ್ತಿ, ಹೊನ್ನೆ, ನೇರಳೆ ಇದ್ದ ಸೊಪ್ಪಿನಬೆಟ್ಟ ಕೊಟ್ಟಿಗೆಗೆ ಸೊಪ್ಪು ಕೊಡುತ್ತಿತ್ತು, ಹಕ್ಕಿಗೆ ಹಣ್ಣು ಕೊಡುತ್ತಿತ್ತು. ಅಕೇಶಿಯಾ ಬೇಗ ಬೆಳೆಯುತ್ತದೆ, ಸೌದೆ ಕೊಡುತ್ತದೆ, ಬೇರಿನಲ್ಲಿ ಸಾರಜನಕ ಹಿಡಿದು ಮಣ್ಣಿಗೆ ಸೇರಿಸುತ್ತದೆ. ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಗುಡ್ಡದ ತುಂಬ ಅದೊಂದೇ ಇದ್ದರೆ ಅಲ್ಲಿ ಬದುಕಿದ್ದ ಬೇರೆಯವರೆಲ್ಲ ಎಲ್ಲಿಗೆ ಹೋಗಬೇಕು?

ಒಂದು ಕಡೆ ನೀವು ನಮ್ಮನ್ನು ಸರಿಯಾಗೇ ಹಿಡಿದಿದ್ದೀರಿ. ಪರದೇಶದ ಗಿಡ ಉದ್ಯಾನದ ಬೇಲಿ ದಾಟುವುದಿಲ್ಲ ಅನ್ನೋ ಹಾಗೆ ನಮ್ಮ ಲೇಖನ ಸುಮ್ನೆ ಹೊಗಳಿತ್ತು. ಇಂದು ನಮ್ಮ ಕಾಡಂಚಿನಲ್ಲಿ ಕಾಲಿಡಲು ಬಿಡದ ಲಾಂಟಾನ, 19ನೇ ಶತಮಾನದ ಶುರುವಿನಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಚಂದಕ್ಕೆಂದೇ ಬಂದ ಗಿಡ. ಹಣ್ಣು ತಿಂದ ಹಕ್ಕಿಗೆ ಬೇಲಿಯ ಲೆಕ್ಕ ಇರುತ್ತದೆಯೇ? ಇದನ್ನು ಆ ಲೇಖನದಲ್ಲೇ ಬರೆಯಬೇಕಿತ್ತು. ತಪ್ಪು ನಮ್ಮದು.

ಇನ್ನು ಗುಲ್‌ಮೊಹರ್. ಮಡಗಾಸ್ಕರ್‌ನ ಮರ, ಹೂ ಬಿಟ್ಟಾಗ ಕಣ್ಣು ಕೀಳಲಾಗದು. ಆದರೆ ಬೇರು ಮೇಲೆಮೇಲೆ ಹರಡುತ್ತದೆ, ಕೊಂಬೆ ಗಟ್ಟಿಯಿಲ್ಲ. ತೀರ್ಥಹಳ್ಳಿಯ ಮಳೆಗಾಲದ ಗಾಳಿಗೆ ನಿಮ್ಮ ಹಂಚಿನ ಮೇಲೇ ಬಿದ್ದೀತು. ಹೊಳೆದಾಸವಾಳ ನೆಡಿ. ನಮ್ಮ ಹೊಳೆದಂಡೆಯದೇ ಮರ, ಬೇಸಿಗೆಯಲ್ಲಿ ನೇರಳೆ ಬಣ್ಣದ ಹೂ ಮೈತುಂಬ ಬಿಡುತ್ತದೆ. ಮಳೆ ಹಿಡಿಯುವ ಮೊದಲು ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ. ಗೋಡೆಯಿಂದ ಸ್ವಲ್ಪ ಜಾಸ್ತಿಯೇ ದೂರ ಬಿಟ್ಟು ಗುಂಡಿ ತೋಡಿ.